ಸ್ಟಾಫ್‌ರೂಮ್‌ಗೆ ವಾಪಸ್ ಹೋಗ್ತಿದೀನಿ, ಇವರಿಗೆಲ್ಲ ಥ್ಯಾಂಕ್ಸ್ ಹೇಗೆ ಹೇಳ್ಲಿ?

ಪ್ರಶ್ನೆ:

ಸರ್ ನಮಸ್ತೆ. ನಾನು ಚಳ್ಳಕೆರೆ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಟೀಚರ್, ವಯಸ್ಸು 44. ಹೋದ ಆಗಸ್ಟಲ್ಲಿ ಜ್ವರ ಬಿಡ್ಲಿಲ್ಲ, ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ, ಟೆಸ್ಟ್ ಮಾಡ್ಸಿದ್ರೆ ಎಎಂಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಅಂತ ಬಂತು. ಬೆಂಗಳೂರಲ್ಲಿ ಹೆಚ್ಚುಕಮ್ಮಿ ಏಳು ತಿಂಗಳು ಟ್ರೀಟ್‌ಮೆಂಟ್ ಆಯ್ತು. ಈಗ ರಿಮಿಶನ್‌ನಲ್ಲಿದೀನಿ, ಅಂದ್ರೆ ಟೆಸ್ಟಲ್ಲಿ ಕಾಯಿಲೆ ಕಾಣ್ತಿಲ್ಲ, ಸ್ಕೂಲ್ ಶುರುವಾಗೋವಾಗ ಡ್ಯೂಟಿಗೆ ಹೋಗ್ಬಹುದು ಅಂದಿದಾರೆ ಡಾಕ್ಟ್ರು.

ನಮ್ಮ ಸ್ಕೂಲಿನವರು ಮಾಡಿದ್ದು ಅಷ್ಟಿಷ್ಟಲ್ಲ ಸರ್. ಪಿಟಿ ಮೇಷ್ಟ್ರು, ಕನ್ನಡ ಮೇಷ್ಟ್ರು ಇಬ್ರೂ ರಾತ್ರಿ ಬಸ್ಸಿಗೆ ಬಂದು ಪ್ಲೇಟ್‌ಲೆಟ್ ಕೊಟ್ಟು ಬೆಳಿಗ್ಗೆ ವಾಪಸ್ ಹೋಗಿದಾರೆ, ಪಿಟಿ ಮೇಷ್ಟ್ರು ಮೂರು ಸಲ. ಸೈನ್ಸ್ ಮೇಡಂ ತಮ್ಮ ಕ್ಲಾಸ್ ಜೊತೆ ನನ್ನ ಹತ್ತನೇ ಕ್ಲಾಸಿನ ಗಣಿತಾನೂ ತಗೊಂಡ್ರು. ನಮ್ಮ ಆಫೀಸ್ ಗುಮಾಸ್ತರು, ಎಸ್‌ಡಿಎ, ರಜೆ ಕಾಗದ ಹಿಡ್ಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಎಷ್ಟು ಸಲ ಅಲೆದ್ರೋ ಲೆಕ್ಕ ಇಲ್ಲ. ಟ್ರೀಟ್‌ಮೆಂಟ್ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಆರೋಗ್ಯ ಯೋಜನೆಲಿ ಆದ್ರೂ ರೂಮ್ ಬಾಡಿಗೆ, ಓಡಾಟ, ಹೊರಗಿನ ಟೆಸ್ಟು ಅಂತ ಖರ್ಚಿತ್ತಲ್ಲ, ಎಲ್ಲ ಸೇರಿ 1,46,000 ಕೂಡಿಸಿ ಕಳ್ಸಿದ್ರು. ಬಿಸಿಯೂಟದ ಅಕ್ಕ ರಾಗಿ ಹುರಿಹಿಟ್ಟು ಮಾಡಿ ಕಳ್ಸಿದಾರೆ.

ಗ್ರೂಪಲ್ಲಿ ಥ್ಯಾಂಕ್ಸ್ ಅಂತ ಟೈಪ್ ಮಾಡ್ತೀನಿ, ಡಿಲೀಟ್ ಮಾಡ್ತೀನಿ, ಹತ್ತು ಸಲ ಆಯ್ತು. ನಮ್ಮ ಯಜಮಾನ್ರು ದುಡ್ಡು ವಾಪಸ್ ಕೊಟ್ಟು ಎಲ್ಲರಿಗೂ ಹೋಳಿಗೆ ಊಟ ಹಾಕ್ಸಿಬಿಡೋಣ ಅಂತಾರೆ. ಇನ್ನೊಂದು ವಿಷ್ಯ, ಹನ್ನೊಂದು ವರ್ಷದ ಗೆಳತಿ ಇಂಗ್ಲಿಷ್ ಮೇಡಂ ಒಂದೇ ಒಂದು ಫೋನೂ ಮಾಡ್ಲಿಲ್ಲ. ಅವಳ ಮುಖ ಹೇಗೆ ನೋಡ್ಲಿ? ನಿಜ ಹೇಳ್ಬೇಕಂದ್ರೆ ಸ್ಕೂಲಿಗೆ ಹೋಗೋಕೇ ಒಂಥರಾ ನಾಚಿಕೆ ಆಗ್ತಿದೆ.

ಉತ್ತರ:

ಮೇಡಂ, ಮೊದಲು ಆ ಡಿಲೀಟ್ ಮಾಡಿದ ಮೆಸೇಜಿಂದಾನೇ ಶುರು ಮಾಡ್ತೀನಿ. ನೀವು ಹತ್ತು ಸಲ ಅಳಿಸಿದ್ದು ಒಳ್ಳೇದೇ ಆಯ್ತು. ಆ ಮೆಸೇಜ್ ಹೇಗಿತ್ತು ಅಂತ ನಾನು ಓದದೇನೇ ಹೇಳ್ಬಲ್ಲೆ, 'ನನ್ನ ಕಷ್ಟಕಾಲದಲ್ಲಿ ಕೈ ಹಿಡಿದ ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು' ಅಂತ ಶುರುವಾಗಿ ಎರಡನೇ ಸಾಲಿಗೆ 'ಚಿರಋಣಿ' ಬಂದಿರುತ್ತೆ. ತಪ್ಪೇನಿಲ್ಲ, ಆದ್ರೆ ಅದು ವೇದಿಕೆ ಭಾಷೆ. ನಾವು ಕನ್ನಡದವರು ಮನೆಯೊಳಗೆ, ಆಪ್ತರ ಹತ್ರ ಧನ್ಯವಾದ ಅನ್ನೋ ಪದ ಬಳಸೋದೇ ಇಲ್ಲ, ಅಮ್ಮನಿಗೆ ಯಾರಾದ್ರೂ ಧನ್ಯವಾದ ಹೇಳ್ತಾರಾ? ಅದು ಆಗಸ್ಟ್ 15ರ ಕಾರ್ಯಕ್ರಮದ ಕೊನೇಲಿ ವಂದನಾರ್ಪಣೆ ಮಾಡೋರ ಪದ. ನೀವು ಟೀಚರ್, ನಿಮಗೆ ನಾನು ಹೇಳ್ಬೇಕಾ, ವಂದನಾರ್ಪಣೆ ಶುರುವಾದ ತಕ್ಷಣ ಅರ್ಧ ಜನ ಎದ್ದು ಹೋಗ್ತಿರ್ತಾರೆ, ಶಾಮಿಯಾನದವರಿಂದ ಹಿಡಿದು ಎಲ್ಲರ ಹೆಸರೂ ಬರುತ್ತೆ, ಯಾರದೋ ಒಬ್ರದು ಬಿಟ್ಟುಹೋಗಿ ಅವರು ಆರು ತಿಂಗಳು ಮುನಿಸ್ಕೋತಾರೆ. ರಾತ್ರಿ ಬಸ್ಸಲ್ಲಿ ಬಂದು ತೋಳು ಚಾಚಿದ ಮನುಷ್ಯನಿಗೂ ಗ್ರೂಪಲ್ಲಿ ಕೈಮುಗಿಯೋ ಚಿಹ್ನೆ ಹಾಕಿದೋರಿಗೂ ಒಂದೇ ವಾಕ್ಯದಲ್ಲಿ ಹೇಳೋಕೆ ನಿಮ್ಮ ಮನಸ್ಸೇ ಒಪ್ತಿಲ್ಲ, ಅದಕ್ಕೇ ಬೆರಳು ಡಿಲೀಟ್ ಮೇಲೆ ಹೋಗ್ತಿದೆ.

ನಾನು 24 ವರ್ಷ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೋನು, ವಾರ್ಡಲ್ಲಿ ಎಂಎಸ್‌ಡಬ್ಲ್ಯೂ ಸರ್ ಅಂತ ಕರೀತಿದ್ರು, ಅದರಲ್ಲಿ ಬಹುಪಾಲು ಕ್ಯಾನ್ಸರ್ ವಾರ್ಡು. ನಿಮ್ಮ ಪ್ರಶ್ನೆ ನನಗೆ ಡಿಸ್ಚಾರ್ಜ್ ದಿನ ಎಷ್ಟೋ ಜನ ಕೇಳಿದಾರೆ. ಆದ್ರೆ ಉತ್ತರ ನಾನು ಕಲ್ತಿದ್ದು ನನಗೇ ಬೈಪಾಸ್ ಆದಾಗ, ಅದೂ ತಪ್ಪು ಮಾಡಿ. ಎರಡೂವರೆ ತಿಂಗಳು ಬಿಟ್ಟು ಡ್ಯೂಟಿಗೆ ಹೋದ ದಿನ 40 ಸ್ವೀಟ್ ಬಾಕ್ಸ್, ಪ್ರತಿಯೊಂದರ ಮೇಲೂ ಧನ್ಯವಾದಗಳು ಅಂತ ಪ್ರಿಂಟ್ ಹಾಕ್ಸಿದ ಚೀಟಿ, ಎಲ್ಲರ ಟೇಬಲ್ ಮೇಲೂ ಇಟ್ಟು ಬಂದೆ, ನನ್ನ ಮಟ್ಟಿಗೆ ಮುಗೀತು. ನಮ್ಮ ರೆಕಾರ್ಡ್ ರೂಮಲ್ಲಿ ಒಬ್ಬ ಹುಡುಗ ಇದ್ದ, ನಾನು ಐಸಿಯುನಲ್ಲಿದ್ದಷ್ಟು ದಿನ ದಿನಾ ಸಂಜೆ ನನ್ನ ಹೆಂಡ್ತಿನ ಸ್ಕೂಟರಲ್ಲಿ ಮನೆಗೆ ಬಿಟ್ಟು ಬೆಳಿಗ್ಗೆ ಕರ್ಕೊಂಡು ಬರ್ತಿದ್ದೋನು. ಅವನಿಗೂ ಅದೇ ಬಾಕ್ಸ್. ಆರೇಳು ತಿಂಗಳು ಅವನು ನನ್ನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ, ನನಗೋ ಕಾರಣ ಗೊತ್ತಿಲ್ಲ. ಒಂದಿನ ಕ್ಯಾಂಟೀನಲ್ಲಿ ಕೇಳೇಬಿಟ್ಟೆ. 'ಏನಿಲ್ಲ ಸರ್, ಅಮ್ಮಾವ್ರು ಹೇಗಿದಾರೆ ಅಂತ ಕೇಳೋಣ ಅಂದ್ಕೊಂಡೆ, ನೀವು ಸ್ವೀಟ್ ಕೊಟ್ಟು ಹೋಗ್ಬಿಟ್ರಿ' ಅಂದ. ನಾನು ಎಷ್ಟು ದೊಡ್ಡ ಪೆದ್ದ ಅಂತ ಆವತ್ತು ಗೊತ್ತಾಯ್ತು. ಅವನಿಗೆ ಬೇಕಾಗಿದ್ದಿದ್ದು ಮೈಸೂರ್‌ಪಾಕ್ ಅಲ್ಲ. ಅವನು ಶುರು ಮಾಡಿದ ಒಂದು ಕಥೆ ಇತ್ತು, ಅದರ ಕೊನೆ ಏನಾಯ್ತು ಅಂತ ಯಾರೂ ಅವನಿಗೆ ಹೇಳಿರ್ಲಿಲ್ಲ.

ಹಾಗಾಗಿ ನಾನು ಈಗ ಪೇಷಂಟುಗಳಿಗೆ ಹೇಳೋದು ಇಷ್ಟೇ, ಋಣ ತೀರಿಸೋಕೆ ಹೋಗ್ಬೇಡಿ, ಲೆಕ್ಕ ಒಪ್ಪಿಸಿ. ಅವರು ಕೊಟ್ಟಿದ್ದು ಏನಾಯ್ತು, ಯಾವ ದಿನ, ಯಾವ ಹೊತ್ತಲ್ಲಿ ಕೆಲಸಕ್ಕೆ ಬಂತು ಅಂತ ಅವರಿಗೆ ಕೂತು ಹೇಳಿ. ಗಣಿತ ಟೀಚರಿಗೆ ಲೆಕ್ಕದ ಮಾತು ಬೇಗ ಅರ್ಥ ಆಗುತ್ತೆ ಅನ್ಕೊಂಡಿದೀನಿ.

ಪಿಟಿ ಮೇಷ್ಟ್ರ ವಿಷ್ಯಕ್ಕೇ ಬರೋಣ. ಪ್ಲೇಟ್‌ಲೆಟ್ ಕೊಟ್ಟೋರಿಗೆ ಅದು ಆಮೇಲೆ ಏನಾಯ್ತು ಅಂತ ಸಾಮಾನ್ಯವಾಗಿ ಗೊತ್ತೇ ಆಗಲ್ಲ. ಬ್ಲಡ್ ಬ್ಯಾಂಕಿಗೆ ಬಂದ್ರು, ಒಂದೊಂದೂವರೆ ಗಂಟೆ ಮಷಿನ್ ಪಕ್ಕ ಮಲಗಿದ್ರು, ತುಟಿ ಜುಮ್ ಅಂತಿದೆ ಅಂದಾಗ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿರ್ತಾರೆ, ಆ ಹಳದಿ ಬಣ್ಣದ ಬ್ಯಾಗ್ ಒಳಗೆ ಹೋಯ್ತು, ಇವರು ಬಿಸ್ಕತ್ ಜ್ಯೂಸ್ ಕುಡಿದು ಮೆಜೆಸ್ಟಿಕ್ಕಿಗೆ ಹೋದ್ರು. ಅಷ್ಟೇ ಅವರ ಪಾಲಿನ ಕಥೆ. ಉಳಿದಿದ್ದು ನಿಮ್ಮ ಹತ್ರ ಇದೆ. ನಿಮಗೆ ಮೊದಲ ಸುತ್ತಲ್ಲಿ ಕೊಟ್ಟಿದ್ದು ಬಹುಶಃ ನಾವು ವಾರ್ಡಲ್ಲಿ ಸೆವೆನ್ ಪ್ಲಸ್ ತ್ರೀ ಅಂತೀವಲ್ಲ ಅದು, ಏಳು ದಿನ ಒಂದು ಔಷಧಿ, ಅದರ ಜೊತೆ ಮೂರು ದಿನ ಇನ್ನೊಂದು. ಅದು ಕಾಯಿಲೆಯ ಜೀವಕೋಶದ ಜೊತೆ ಮೂಳೆಮಜ್ಜೆನೂ ಒಂದಷ್ಟು ದಿನ ಖಾಲಿ ಮಾಡುತ್ತೆ, ಹಾಗಾಗಿ ಎರಡು ಮೂರು ವಾರ ಮೈ ತನ್ನ ಪ್ಲೇಟ್‌ಲೆಟ್ ತಾನು ತಯಾರಿಸಲ್ಲ. ಒಂದೂವರೆ ಲಕ್ಷದ ಮೇಲಿರಬೇಕಾದ ಕೌಂಟು 10,000ದ ಕೆಳಗೆ ಹೋದ್ರೆ ಸುಮ್ನೆ ಮಲಗಿದ್ದೋರಿಗೂ ಮೆದುಳಲ್ಲೋ ಹೊಟ್ಟೆಲೋ ರಕ್ತಸ್ರಾವ ಆಗೋ ಭಯ. ಆಗ ಒಂದು ಎಸ್‌ಡಿಪಿ ಬ್ಯಾಗ್ (ಒಬ್ಬರೇ ಡೋನರಿಂದ ಮಷಿನಲ್ಲಿ ತೆಗೆದ ಪ್ಲೇಟ್‌ಲೆಟ್) ಹಾಕಿದ್ರೆ ಕೌಂಟು ಸುಮಾರು 30,000ದಿಂದ 50,000ದವರೆಗೆ ಏರ್ಬಹುದು, ಎರಡು ಮೂರು ದಿನ ಉಸಿರಾಡಬಹುದು, ಆಮೇಲೆ ಮತ್ತೆ ಇಳಿಯುತ್ತೆ, ಮತ್ತೆ ಒಬ್ಬ ಡೋನರ್ ಬೇಕು. ಇದನ್ನ ಮೊದಲೇ ತೆಗೆದು ತಿಂಗಳುಗಟ್ಟಲೆ ಇಡೋಕೂ ಆಗಲ್ಲ ಮೇಡಂ, ಫ್ರಿಜ್ಜಲ್ಲೂ ಇಡಲ್ಲ, 20ರಿಂದ 24 ಡಿಗ್ರಿಲಿ ಸದಾ ಅಲ್ಲಾಡ್ತಿರೋ ಟ್ರೇ ಮೇಲೆ ಇಡ್ತಾರೆ, ಐದೇ ದಿನ ಆಯಸ್ಸು ಅದಕ್ಕೆ. ಅಂದ್ರೆ ನಿಮ್ಮ ಪಿಟಿ ಮೇಷ್ಟ್ರು ಬಂದಿದ್ದು 'ಯಾವಾಗಾದ್ರೂ ಕೊಟ್ರಾಯ್ತು' ಅಂತ ಅಲ್ಲ, ಆ ವಾರಕ್ಕೆ ಅವರೇ ಬೇಕಿತ್ತು.

ನಿಮ್ಮ ಡಿಸ್ಚಾರ್ಜ್ ಸಮ್ಮರಿ, ಕೌಂಟ್ ಬರೆದಿಟ್ಟ ಪುಸ್ತಕ ತೆಗೀರಿ (ಬ್ಲಡ್ ಕ್ಯಾನ್ಸರ್ ವಾರ್ಡಲ್ಲಿ ಪುಸ್ತಕ ಇಡದ ಮನೆಯವರನ್ನ ನಾನು ನೋಡೇ ಇಲ್ಲ). ಅವರು ಬಂದ ಮೂರು ದಿನ ಯಾವುದು, ಅವತ್ತು ಬೆಳಿಗ್ಗೆ ಕೌಂಟ್ ಎಷ್ಟಿತ್ತು, ಮರುದಿನ ಎಷ್ಟಾಯ್ತು ನೋಡಿ. ಆಮೇಲೆ ಅವರು ಒಬ್ಬರೇ ಇದ್ದಾಗ, ಗ್ರೌಂಡ್ ಪಕ್ಕ ಬೆಂಚಲ್ಲೋ ಎಲ್ಲೋ ಕೂತು, 'ಸರ್ ನೀವು ಎರಡನೇ ಸಲ ಬಂದ್ರಲ್ಲ ಅವತ್ತು ನನ್ನ ಕೌಂಟ್ 6,000 ಇತ್ತು, ಮೂಗಲ್ಲಿ ರಕ್ತ ನಿಲ್ತಿರ್ಲಿಲ್ಲ, ನಿಮ್ಮದು ಹಾಕಿ ರಾತ್ರಿ ಹೊತ್ತಿಗೆ ನಿಂತಿತು, ಅವತ್ತು ನಾಲ್ಕು ದಿನದ ಮೇಲೆ ನಿದ್ದೆ ಮಾಡ್ದೆ' ಅಂತ ಹೇಳಿ, ಅಂಕಿ ನಿಮ್ಮದೇ ಹಾಕ್ಕೊಳ್ಳಿ. ಇದರ ಮುಂದೆ ಧನ್ಯವಾದ ಅನ್ನೋ ಪದ ಬೇಕೇ ಆಗಲ್ಲ. ಅವರು 'ಬಿಡಿ ಮೇಡಂ ಅದರಲ್ಲೇನಿದೆ' ಅಂತ ವಾಲಿಬಾಲ್ ಕಡೆ ನೋಡ್ತಾರೆ, ಗಂಡಸರು ಹಾಗೇ, ಆದ್ರೆ ಮನೆಗೆ ಹೋಗಿ ಹೆಂಡ್ತಿಗೆ ಇದನ್ನ ಹೇಳ್ದೇ ಇರಲ್ಲ. ಕನ್ನಡ ಮೇಷ್ಟ್ರಿಗೂ ಇದೇ, ಒಂದು ಸಲ ಕೊಟ್ಟೋರು ಅಂತ ಕಡಿಮೆ ಹೇಳ್ಬೇಡಿ.

ಇಲ್ಲಿ ಇನ್ನೊಂದು ಮಾತು. ನಿಮಗೆ ಅನ್ಸಿರುತ್ತೆ, ನಾನೂ ರಕ್ತ ಕೊಟ್ಟು ತೀರಿಸ್ಬೇಕು ಅಂತ. ಆಗಲ್ಲ ಮೇಡಂ, ಬ್ಲಡ್ ಕ್ಯಾನ್ಸರ್ ಬಂದೋರು ಗುಣ ಆದ್ರೂ ಮತ್ತೆ ಯಾವತ್ತೂ ರಕ್ತದಾನ ಮಾಡೋ ಹಾಗಿಲ್ಲ, ನಿಯಮಾನೇ ಹಾಗಿದೆ, ಅದಕ್ಕೆ ಕೊರಗಬೇಡಿ. ಆದ್ರೆ ಯಜಮಾನ್ರು ಹೋಳಿಗೆ ಊಟ ಅಂತಿದಾರಲ್ಲ, ಅವರಿಗೆ ಆರೋಗ್ಯ ಸರಿಯಿದ್ರೆ, 65 ದಾಟಿಲ್ದಿದ್ರೆ, ಹೇಳಿ, ಗಂಡಸರು 90 ದಿನಕ್ಕೊಂದು ಸಲ ರಕ್ತ ಕೊಡಬಹುದು. ಪ್ಲೇಟ್‌ಲೆಟ್ ಆದ್ರೆ ಇನ್ನೂ ಬೇಗ ಬೇಗ ಕೊಡಬಹುದು, ವರ್ಷಕ್ಕೆ 24 ಸಲದ ತನಕ. ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ, ಆವತ್ತು ಪಿಟಿ ಮೇಷ್ಟ್ರನ್ನೇ ಜೊತೆಗೆ ಕರ್ಕೊಂಡು ಹತ್ತಿರದ ಬ್ಲಡ್ ಬ್ಯಾಂಕಿಗೆ ಹೋಗ್ಬರ್ಲಿ. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ನನಗಂತೂ ಹೊಳೀತಿಲ್ಲ.

ಸೈನ್ಸ್ ಮೇಡಂ ವಿಷ್ಯ ಸ್ವಲ್ಪ ಸೂಕ್ಷ್ಮ. ಪ್ಲೇಟ್‌ಲೆಟ್ ಕೊಟ್ಟೋರದು ಮೂರು ರಾತ್ರಿ, ಇವರದು ಏಳು ತಿಂಗಳು, ದಿನಾ. ತಮ್ಮ ಪಾಠದ ಜೊತೆ ಇನ್ನೊಂದು ಸಬ್ಜೆಕ್ಟು, ಅದೂ ಎಸ್‌ಎಸ್‌ಎಲ್‌ಸಿ ಗಣಿತ, ರಿಸಲ್ಟ್ ಕಮ್ಮಿ ಬಂದ್ರೆ ಬಿಇಒ ಮೀಟಿಂಗಲ್ಲಿ ಎದ್ದು ನಿಂತು ಕಾರಣ ಹೇಳ್ಬೇಕಾಗಿದ್ದಿದ್ದು ಅವರೇ. ಇವರಿಗೆ ನೀವು ಸೀರೆ ಕೊಟ್ರೂ ಸರಿ, ಕೊಡದಿದ್ರೂ ಸರಿ, ಆದ್ರೆ ಎರಡು ಕೆಲಸ ಮಾಡ್ಲೇಬೇಡಿ. ಒಂದು, ಸ್ಟಾಫ್‌ರೂಮಲ್ಲಿ ಕೂತು 'ತ್ರಿಕೋನಮಿತಿ ಇನ್ನೊಂದ್ ಚೂರು ಒತ್ತು ಕೊಡ್ಬೇಕಿತ್ತು ಅನ್ಸುತ್ತೆ' ಅನ್ನೋದು. ನೀವು ಮುಗ್ಧವಾಗೇ ಹೇಳಿರ್ತೀರ, ಅವರಿಗೆ ಏಳು ತಿಂಗಳು ಒಂದೇ ಮಾತಲ್ಲಿ ಹೋಗುತ್ತೆ. ಹುಡುಗ್ರೂ ಬಿಡಲ್ಲ, 'ಮಿಸ್, ಆ ಮಿಸ್ ಬೇರೆ ಥರ ಹೇಳ್ಕೊಟ್ಟಿದ್ರು' ಅಂತಾರೆ, ಆಗ 'ಅದೂ ಸರಿಯೇ, ಎರಡು ದಾರಿ ಇದೆ' ಅನ್ನಿ. ಎರಡನೇದು, ಉಪಕಾರ ತೀರಿಸೋ ಜೋಶಲ್ಲಿ ಮೊದಲ ವಾರಾನೇ ಎಲ್ಲಾ ಪೀರಿಯಡ್ ವಾಪಸ್ ತಗೊಂಡು ಮೇಲಿಂದ ಅವರ ಎಕ್ಸ್‌ಟ್ರಾ ಕ್ಲಾಸ್ ಕೂಡ ನಾನೇ ಮಾಡ್ತೀನಿ ಅನ್ನೋದು. ಕೀಮೋ ಮುಗಿದ ಮೇಲಿನ ಸುಸ್ತು ನಿದ್ದೆ ಮಾಡಿದ್ರೆ ಹೋಗೋ ಸುಸ್ತಲ್ಲ, ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಇರುತ್ತೆ, ಮರೆವೂ ಇರುತ್ತೆ, ಬೋರ್ಡ್ ಮುಂದೆ ನಿಂತಾಗ ಬಾಯಿಪಾಠ ಇದ್ದ ಸೂತ್ರಾನೇ ಒಂದು ಕ್ಷಣ ಕೈಕೊಡಬಹುದು. ಜುಲೈನಲ್ಲಿ ನೀವು ಮತ್ತೆ ಮಲಗಿದ್ರೆ ಆ ಹೊರೆ ಹೋಗೋದು ಮತ್ತೆ ಅವರ ತಲೆಗೇ. ಅದಕ್ಕೆ ಜೂನಲ್ಲೇ ಎಚ್‌ಎಂ ಮುಂದೆ ಕೂತು 'ಇಷ್ಟು ಪೀರಿಯಡ್ ಆಗುತ್ತೆ, ಇಷ್ಟಾಗಲ್ಲ' ಅಂತ ಸರಿಯಾಗಿ ಹೇಳಿ ಟೈಮ್‌ಟೇಬಲ್ ಮಾಡ್ಸಿ. ಸೈನ್ಸ್ ಮೇಡಮ್ಮಿಗೆ ಒಪ್ಪಿಸಬೇಕಾದ ಲೆಕ್ಕ ಅಂದ್ರೆ ರಿಸಲ್ಟ್ ಶೀಟು. ಒಂದೊಂದು ಹುಡುಗನ ಮಾರ್ಕ್ಸೂ ನೋಡ್ಕೊಂಡು ಹೋಗಿ, 'ಆ ಹಿಂದಿನ ಬೆಂಚ್ ಹುಡುಗ ಪಾಸ್ ಆಗ್ತಾನೆ ಅಂತ ನಾನೇ ಅನ್ಕೊಂಡಿರ್ಲಿಲ್ಲ, ಹೇಗೆ ಮಾಡಿದ್ರಿ' ಅಂತ ಕೇಳಿ. ಅವರು ಅರ್ಧ ಗಂಟೆ ಹೇಳ್ತಾರೆ, ಕೇಳಿಸ್ಕೊಳ್ಳಿ.

ಎಸ್‌ಡಿಎ. ಆಸ್ಪತ್ರೆಲಿ ಕೂತು ನನಗೆ ಚೆನ್ನಾಗಿ ಗೊತ್ತಾಗಿದ್ದು ಇದು, ರಕ್ತ ಕೊಟ್ಟೋರನ್ನ ಎಲ್ಲರೂ ನೆನೀತಾರೆ, ಫೈಲ್ ಓಡಿಸಿದೋರನ್ನ ಯಾರೂ ನೆನೆಯಲ್ಲ. ಆದ್ರೆ ಆ ಮನುಷ್ಯ ಮಾಡಿದ್ದೇನು ನೋಡಿ. ಸರ್ಕಾರಿ ನೌಕರರಿಗೆ ಅರ್ಧ ವೇತನ ರಜೆ ಸಿಗೋದು ವರ್ಷಕ್ಕೆ 20 ದಿನ, ಮೆಡಿಕಲ್ ಸರ್ಟಿಫಿಕೇಟ್ ಮೇಲೆ ಅದನ್ನ ಪೂರ್ತಿ ಸಂಬಳದ ಪರಿವರ್ತಿತ ರಜೆ ಮಾಡಿದ್ರೆ ಒಂದು ದಿನಕ್ಕೆ ಎರಡು ದಿನ ಕಳೀತಾರೆ. ಅಂದ್ರೆ ನೀವು ಎರಡು ತಿಂಗಳು ಪೂರ್ತಿ ಸಂಬಳ ತಗೊಂಡು ಆಸ್ಪತ್ರೆಲಿ ಇದ್ರೆ 120 ದಿನ, ಆರು ವರ್ಷದ ಕೂಡಿಕೆ ಖರ್ಚು. ಅದು ಮುಗಿದ್ಮೇಲೆ ಗಳಿಕೆ ರಜೆ, ಅದೂ ಮುಗಿದ್ರೆ ಅರ್ಧ ಸಂಬಳ, ಕೊನೆಗೆ ಸಂಬಳ ಇಲ್ಲದ ಅಸಾಧಾರಣ ರಜೆ. ಯಾವ ರಜೆ ಮೊದಲು ಹಾಕ್ಬೇಕು, ಯಾವ ತಾರೀಖಿಂದ ಯಾವ ಸರ್ಟಿಫಿಕೇಟ್ ಬೇಕು, ಸಂಬಳ ಮಾಡೋ ಎಚ್‌ಆರ್‌ಎಂಎಸ್ ಕಂಪ್ಯೂಟರ್ ವ್ಯವಸ್ಥೆಲಿ ಸಂಬಳ ನಿಲ್ದೇ ಇರೋಕೆ ಯಾವ ಆದೇಶ ಯಾವ ತಾರೀಖೊಳಗೆ ಬರಬೇಕು, ಇದೆಲ್ಲ ತಲೆಲಿಟ್ಕೊಂಡು ನಿಮ್ಮ ಮನೆ ಇಎಂಐ ನಿಲ್ಲದ ಹಾಗೆ ನೋಡ್ಕೊಂಡಿದಾರೆ ಅವರು. ಅವರಿಗೆ ದುಬಾರಿ ಗಿಫ್ಟ್ ಮಾತ್ರ ಬೇಡ. ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021ರಲ್ಲಿ ಉಡುಗೊರೆಗೆ ಕಟ್ಟುಪಾಡು ಇದೆ ಅನ್ನೋದು ಒಂದು, ಫೈಲ್ ಮಾಡಿದ್ದಕ್ಕೆ ವಾಚ್ ಬಂತು ಅಂತ ಯಾರಾದ್ರೂ ಆಡ್ಕೊಂಡ್ರೆ ಪ್ರೀತಿಯಿಂದ ಮಾಡಿದ್ದು ಬೇರೆ ಹೆಸರು ತಗೊಳ್ಳುತ್ತೆ ಅನ್ನೋದು ಇನ್ನೊಂದು. ಅದರ ಬದಲು ಒಂದು ಪುಟದ ಪತ್ರ ಬರೀರಿ, ಎಚ್‌ಎಂ ಮೂಲಕ ಬಿಇಒ ಅವರಿಗೆ, ಇಂಥವರು ಇಂತಿಂಥ ಕೆಲಸ ಸಮಯಕ್ಕೆ ಸರಿಯಾಗಿ ಮಾಡಿದ್ರಿಂದ ನನ್ನ ರಜೆ, ವೇತನ ಯಾವುದೂ ತಡ ಆಗ್ಲಿಲ್ಲ ಅಂತ. ಒಂದು ಪ್ರತಿ ಅವರ ಕೈಗೆ ಕೊಡಿ. ಆಫೀಸಿಗೆ ದೂರಿನ ಪತ್ರ ದಿನಾ ಬರ್ತವೆ, ಈ ಥರದ್ದು ಎಷ್ಟು ಬಂದಿರುತ್ತೆ ನೀವೇ ಹೇಳಿ. ಅವರು ಅದನ್ನ ಲ್ಯಾಮಿನೇಶನ್ ಮಾಡ್ಸಿದ್ರೂ ನನಗೆ ಆಶ್ಚರ್ಯ ಇಲ್ಲ.

ದುಡ್ಡು. ಯಜಮಾನ್ರ ಸ್ವಾಭಿಮಾನ ಅರ್ಥ ಆಗುತ್ತೆ, ಆದ್ರೂ ವಾಪಸ್ ಬೇಡ. ಸಾಲ ಅಂತ ಕೊಟ್ಟಿದ್ರೆ ಮಾತು ಬೇರೆ, ಇದು ಕೂಡಿಸಿ ಕೊಟ್ಟಿದ್ದು, ಯಾರು ಎಷ್ಟು ಅಂತ ನಿಮಗೆ ಗೊತ್ತೂ ಇಲ್ಲ, ಗೊತ್ತಾಗಬೇಕಾಗೂ ಇಲ್ಲ. ವಾಪಸ್ ಕೊಡೋಕೆ ಹೋದ್ರೆ ಲಿಸ್ಟ್ ಹೊರಗೆ ಬರುತ್ತೆ, ಐದು ಸಾವಿರ ಕೊಟ್ಟೋರು ಐನೂರು ಕೊಟ್ಟೋರು ಒಬ್ರ ಮುಖ ಒಬ್ರು ನೋಡೋ ಹಾಗೆ ಆಗುತ್ತೆ. ಮಾಡಬೇಕಾದ್ದು ಏನಂದ್ರೆ ಕೂಡಿಸಿದ ಮುಖ್ಯಸ್ಥರು ಯಾರೋ ಅವರ ಕೈಗೆ ಒಂದು ಹಾಳೆ, ರೂಮಿಗೆ ಇಷ್ಟು, ಟೆಸ್ಟಿಗೆ ಇಷ್ಟು, ಪ್ಲೇಟ್‌ಲೆಟ್ ಚಾರ್ಜ್ ಇಷ್ಟು, ಊಟ ಓಡಾಟ ಇಷ್ಟು. ಯಾರೂ ಕೇಳಿರಲ್ಲ, ಕೇಳಲ್ಲ, ಅದಕ್ಕೇ ಕೊಡಬೇಕು. ಏನಾದ್ರೂ ಉಳಿದಿದ್ರೆ 'ಇದು ಮುಂದೆ ನಮ್ಮಲ್ಲಿ ಯಾರಿಗಾದ್ರೂ ಬೇಕಾದಾಗ' ಅಂತ ಅವರ ಹತ್ರಾನೇ ಇಡಿ. ಒಂದು ಒಣ ವಿಷ್ಯ ಕೂಡ ಹೇಳಿಬಿಡ್ತೀನಿ, ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ದಾಟಿ ಹಣ ಬಂದ್ರೆ ಅದು ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತೆ, ಕಾಯಿಲೆಗೆ ಅಂತ ಕೊಟ್ಟಿದ್ರೂ. ರಿಟರ್ನ್ಸ್ ಹಾಕೋ ಮುಂಚೆ ನಿಮ್ಮ ಆಡಿಟರ್ ಹತ್ರ ಈ 1,46,000ದ ವಿಷ್ಯ ಹೇಳಿ, ಮುಚ್ಚಿಡ್ಬೇಡಿ.

ಊಟ ಹಾಕ್ಸೋದು ತಪ್ಪಲ್ಲ, ಹೋಳಿಗೆ ಅಂದ್ರೆ ನಾನೂ ಬರ್ತೀನಿ. ಮೊದಲ ವಾರ ಬೇಡ ಅಷ್ಟೇ. ನಮ್ಮ ಕಡೆ ಊಟ ಅಂದ್ರೆ ಅದು ಊಟ ಆಗಿ ಉಳಿಯಲ್ಲ, ಒಂದು ಬ್ಯಾನರ್ ಬರುತ್ತೆ, ಶಾಲು ಹಾರ ಬರುತ್ತೆ, ನಿಮ್ಮನ್ನೇ ಕೂರಿಸಿ ಸನ್ಮಾನ ಮಾಡಿ 'ಸಾವನ್ನೇ ಗೆದ್ದು ಬಂದ ವೀರ ವನಿತೆ' ಅಂತ ಯಾರೋ ಒಬ್ರು ಮೈಕ್ ಹಿಡೀತಾರೆ, ನೀವು ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಲಿ ನಗ್ತಾ ಕೂರ್ಬೇಕು. ದಸರಾ ರಜೆ ಹೊತ್ತಿಗೆ, ಮೈಯಲ್ಲಿ ಕಸುವು ಬಂದ್ಮೇಲೆ, ಮನೇಲಿ, ಮೈಕ್ ಇಲ್ದೆ ಮಾಡಿ.

ಬಿಸಿಯೂಟದ ಅಕ್ಕನ ಹುರಿಹಿಟ್ಟು ಬಂದ ಡಬ್ಬಿ ನಿಮ್ಮ ಮನೇಲೇ ಇದೆ ಅಲ್ವಾ? ಪಾತ್ರೆ ಖಾಲಿ ವಾಪಸ್ ಕೊಡಬಾರದು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ, ಸಕ್ಕರೆನೋ ಅವಲಕ್ಕಿನೋ ಏನೋ ಒಂದು ಹಾಕಿ. ಅಕ್ಕನಿಗೆ ಲೆಕ್ಕ ಒಪ್ಪಿಸೋದು ಹೇಗೆ ಅಂದ್ರೆ ಅಡುಗೆ ಕೋಣೆಗೆ ನೀವೇ ಹೋಗಿ, ಬಾಗಿಲಲ್ಲಿ ನಿಂತು ಅಲ್ಲ, ಒಳಗೆ ಹೋಗಿ ಮಣೆ ಮೇಲೆ ಕೂತು, 'ಅಕ್ಕ, ಬಾಯೆಲ್ಲ ಹುಣ್ಣಾಗಿ ಏನೂ ಇಳೀತಿರ್ಲಿಲ್ಲ, ಇದನ್ನ ತೆಳ್ಳಗೆ ಕಾಸಿ ಆರ್ಸಿ ಕುಡೀತಿದ್ದೆ, ಎರಡು ವಾರ ಅದೇ ನನ್ನ ಊಟ' ಅಂತ ಹೇಳಿ. ನಿಮ್ಮ ಲಿಸ್ಟಲ್ಲಿ ಅವರ ಹೆಸರು ಕೊನೇಲಿ ಬಂದಿದೆ ಅಂತ ಗಮನಿಸ್ದೆ, ನೀವು ಹೋಗೋ ಹೊತ್ತಿಗೆ ಮೊದಲು ಅಲ್ಲಿಗೇ ಹೋದ್ರೆ ಚೆನ್ನ.

ಈಗ ಇಂಗ್ಲಿಷ್ ಮೇಡಂ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಅವರು ಯಾಕೆ ಫೋನ್ ಮಾಡ್ಲಿಲ್ಲ ಅಂತ ಅವರಿಗೆ ಮಾತ್ರ ಗೊತ್ತು. ವಾರ್ಡಲ್ಲಿ ನಾನು ಕಂಡಿದ್ದು ಹೇಳ್ತೀನಿ, ದೂರದವರು ಓಡಿ ಬರ್ತಾರೆ, ತೀರಾ ಹತ್ತಿರದ ಒಬ್ರು ಕಾಣೆಯಾಗಿಬಿಡ್ತಾರೆ, ಇದು ಎಷ್ಟು ಸಲ ಆಗಿದೆ ಅಂದ್ರೆ ನಾನು ಪೇಷಂಟುಗಳಿಗೆ ಮೊದಲೇ ಹೇಳಿಡ್ತಿದ್ದೆ. ಮೊದಲ ವಾರ ಏನ್ ಮಾತಾಡೋದು ಅಂತ ಭಯ, ಎರಡನೇ ವಾರ ಇಷ್ಟು ದಿನ ಮಾಡ್ಲಿಲ್ವಲ್ಲ ಅಂತ ಸಂಕೋಚ, ತಿಂಗಳಾದ್ಮೇಲೆ ಇನ್ನು ಯಾವ ಮುಖ ಇಟ್ಕೊಂಡು ಮಾಡ್ಲಿ ಅಂತ. ಕೆಲವರ ಮನೇಲಿ ಇದೇ ಕಾಯಿಲೆಗೆ ಯಾರೋ ಹೋಗಿರ್ತಾರೆ, ನಮಗೆ ಹೇಳಿರಲ್ಲ. ಕೆಲವರು ನಿಜವಾಗ್ಲೂ ಕಲ್ಲು ಮನಸ್ಸಿನವರೇ ಇರ್ತಾರೆ, ಅದನ್ನೂ ಅಲ್ಲ ಅನ್ನಲ್ಲ. ನೀವು ಮಾಡಬಾರದ್ದು ಅಂದ್ರೆ ಅವರು ಕೂತಿರುವಾಗ ಬೇರೆಯವರ ಉಪಕಾರ ಜೋರಾಗಿ ಹಾಡಿ ಹೊಗಳೋದು, ಥ್ಯಾಂಕ್ಸ್ ಅನ್ನೋದು ಚುಚ್ಚೋ ಸೂಜಿ ಆಗಬಾರದು. ಆ ಹಣದ ಲಿಸ್ಟಲ್ಲಿ ಅವರ ಹೆಸರಿದೆಯಾ ಅಂತ ಹುಡುಕೋಕೂ ಹೋಗ್ಬೇಡಿ. ಇಬ್ಬರೇ ಸಿಕ್ಕಾಗ 'ನೀನು ಫೋನ್ ಮಾಡ್ತೀಯ ಅಂತ ಕಾಯ್ತಿದ್ದೆ ಕಣೆ' ಅಂತ ಒಂದೇ ಮಾತು ಹೇಳಿ ಸುಮ್ನಾಗಿ. ಅತ್ರೆ ಅಳ್ಲಿ. ನೆಪ ಹೇಳಿದ್ರೆ ಕೇಳ್ಕೊಳ್ಳಿ, ನಂಬೋದು ಬಿಡೋದು ಆಮೇಲೆ ನೋಡೋಣ. ಹನ್ನೊಂದು ವರ್ಷ ಒಂದೇ ಡಬ್ಬಿ ಹಂಚ್ಕೊಂಡು ತಿಂದೋರು, ಒಂದೇ ದಿನದಲ್ಲಿ ತೀರ್ಪು ಕೊಡೋ ಅವಸರ ಏನಿಲ್ಲ.

ಎಲ್ಲರ ಹೆಸರು ಹಿಡಿದು ಹೇಳೋದು ಅತಿ ಆಗಲ್ವಾ ಅಂತ ನಿಮಗೆ ಅನ್ಸಬಹುದು. ಶಿವರಾಜ್‌ಕುಮಾರ್ ಅವರನ್ನ ನೆನೆಸ್ಕೊಳ್ಳಿ. 2024ರ ಡಿಸೆಂಬರ್ 24ಕ್ಕೆ ಅಮೆರಿಕದ ಮಯಾಮಿಲಿ ಮೂತ್ರಕೋಶದ ಕ್ಯಾನ್ಸರಿಗೆ ಆಪರೇಷನ್ ಆಯ್ತು, 2025ರ ಜನವರಿ 1ಕ್ಕೆ ಹೆಂಡ್ತಿ ಗೀತಾ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ವಿಡಿಯೋ ಮಾಡಿದ್ರು, ಎಷ್ಟೋ ಜನ ನೋಡಿರ್ತೀರಿ. ಅಭಿಮಾನಿಗಳಿಗೆ ಹೇಳಿ ಮುಗಿಸಬಹುದಿತ್ತು. ಆದ್ರೆ ಅವರು ಡಾಕ್ಟರುಗಳು, ಗೆಳೆಯರು, ಜೊತೆ ಕೆಲಸ ಮಾಡಿದೋರು ಅಂತ ಹೆಸರು ಹೆಸರು ಹೇಳಿದ್ರು, ಕೀಮೋ ನಡೀತಿರುವಾಗಲೇ ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಫೈಟ್ ಮಾಡಿದ್ದನ್ನ ನೆನೆಸ್ಕೊಂಡು ಅದರ ಕ್ರೆಡಿಟ್ ಫೈಟ್ ಮಾಸ್ಟರ್ ರವಿವರ್ಮ ಅವರಿಗೆ ಕೊಟ್ರು. ನನಗೆ ಹಿಡಿಸಿದ್ದು ಆ ಭಾಗ. ಭಯ ಆಗಿತ್ತು ಅನ್ನೋದನ್ನೂ ಅವರು ಮುಚ್ಚಿಡ್ಲಿಲ್ಲ. ಇಂಥ ದಿನ, ಇಂಥ ಕೆಲಸ, ಇಂಥವರು ಅಂತ ಹೇಳಿದ್ರೆ ಕೇಳೋರಿಗೆ ಅದು ವಂದನಾರ್ಪಣೆ ಥರ ಅನ್ಸಲ್ಲ.

ಹಾಗಂತ ಗ್ರೂಪಿಗೆ ಏನೂ ಹಾಕ್ಬೇಡಿ ಅಂತಲ್ಲ. ಹಾಕಿ, ಚಿಕ್ಕದಾಗಿ. ನಾನಾಗಿದ್ರೆ ಹೀಗೆ ಬರೀತಿದ್ದೆ:

'ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಡ್ಯೂಟಿಗೆ ಬರ್ತಿದೀನಿ. ರಿಪೋರ್ಟ್ ಚೆನ್ನಾಗಿದೆ, ಆಗಾಗ ಚೆಕಪ್ಪಿಗೆ ಬೆಂಗಳೂರಿಗೆ ಹೋಗ್ಬೇಕು. ನೀವೆಲ್ಲ ಮಾಡಿದ್ದು ಇಲ್ಲಿ ಬರ್ದು ಮುಗಿಸೋ ಅಂಥದ್ದಲ್ಲ, ಒಬ್ಬೊಬ್ಬರ ಹತ್ರನೂ ಕೂತು ಮಾತಾಡ್ಬೇಕು, ಟೈಮ್ ಕೊಡಿ. ಸದ್ಯಕ್ಕೆ ಬೇಗ ಸುಸ್ತಾಗುತ್ತೆ, ಮೆಟ್ಟಿಲು ಕಷ್ಟ, ನನಗೆ ಕೆಳಗಿನ ಕ್ಲಾಸ್‌ರೂಮ್ ಕೊಡಿ. ಕೂದಲು ಇನ್ನೂ ಗಿಡ್ಡ ಇದೆ, ಹುಡುಗ್ರಿಗೆ ಮೊದಲೇ ಹೇಳಿಡಿ.'

ಇಷ್ಟೇ. ಇದರಲ್ಲಿ ಧನ್ಯವಾದ ಅನ್ನೋ ಪದ ಇಲ್ಲ, ಆದ್ರೂ ಓದಿದೋರಿಗೆ ತಿಳಿಯುತ್ತೆ. ಮೇಲಾಗಿ ಸ್ಟಾಫ್‌ರೂಮಲ್ಲಿ ಮೊದಲ ದಿನ ಎಲ್ಲರೂ ಏನ್ ಕೇಳೋದು ಅಂತ ತಡಬಡಾಯಿಸೋದು ತಪ್ಪುತ್ತೆ.

ನಾಚಿಕೆ ಅಂದ್ರಲ್ಲ, ಅದು ನಾಚಿಕೆ ಅಲ್ಲ ಮೇಡಂ, ಇಷ್ಟು ವರ್ಷ ಕೊಡೋ ಕೈ ಆಗಿದ್ದೋರಿಗೆ ತಗೊಳ್ಳೋ ಕೈ ಆದಾಗ ಆಗೋ ಮುಜುಗರ. ಟೀಚರುಗಳಿಗೆ, ನರ್ಸುಗಳಿಗೆ, ಮನೆ ದೊಡ್ಡ ಸೊಸೆಯರಿಗೆ ಇದು ಜಾಸ್ತಿ. ಇದರಿಂದ ಒಂದು ಅಪಾಯ ಇದೆ, ಉಪಕಾರ ತಗೊಂಡಿದೀನಿ ಅಂತ ಯಾರು ಏನ್ ಕೇಳಿದ್ರೂ ಹೂಂ ಅನ್ನೋಕೆ ಶುರು ಮಾಡ್ತೀರ. ಕಾಯಿಲೆ ವಿಷ್ಯ ಎಲ್ಲಾ ಎಲ್ಲರಿಗೂ ಬಿಡಿಸಿ ಹೇಳೋ ಹಂಗಿಗೆ ಬಿದ್ದಿಲ್ಲ ನೀವು. 'ಮತ್ತೆ ಬರಲ್ಲ ತಾನೇ?' ಅಂತ ಒಬ್ರು ಕೇಳೇ ಕೇಳ್ತಾರೆ, 'ಡಾಕ್ಟ್ರು ನೋಡ್ಕೋತಿದಾರೆ' ಅಂದು ಚಹಾ ಕುಡೀರಿ. ಇನ್ನೊಬ್ರು ಯಾವುದೋ ಎಲೆ ಕಷಾಯದ ವಿಡಿಯೋ ಕಳಿಸ್ತಾರೆ, ಅವರು ಐದು ಸಾವಿರ ಕೊಟ್ಟಿದ್ರೂ ಸರಿ ಕುಡೀಬೇಡಿ, ನಿಮ್ಮ ಡಾಕ್ಟ್ರನ್ನ ಕೇಳ್ದೆ ಏನೂ ಬಾಯಿಗೆ ಹಾಕ್ಬೇಡಿ. ಹಾಗೇ ಎಲೆಕ್ಷನ್ ಡ್ಯೂಟಿನೋ ಗಣತಿನೋ ಬಂದಾಗ 'ಮೇಡಮ್ಮನ್ನ ಬಿಟ್ಬಿಡಿ' ಅಂತ ಅವರೇ ಹೇಳಿದ್ರೆ ಈ ವರ್ಷ ಆ ವಿನಾಯಿತಿನ ಬೇಡ ಅನ್ಬೇಡಿ, ಒಪ್ಕೊಳ್ಳಿ.

ತಡ ಆಯ್ತು ಅನ್ನೋ ಚಿಂತೆನೂ ಬೇಡ. ಎಲ್ಲರ ಹತ್ರ ಮಾತಾಡಿ ಮುಗಿಸೋಕೆ ನಿಮಗೆ ಜೂನ್ ಜುಲೈ ಎರಡೂ ಬೇಕಾಗ್ಬಹುದು, ಒಂದು ದಿನಕ್ಕೆ ಒಬ್ರು ಸಾಕು, ಯಾಕಂದ್ರೆ ಪ್ರತಿ ಸಲ ಆ ವಾರ್ಡ್ ನೆನಪಾಗುತ್ತೆ, ಸುಸ್ತಾಗುತ್ತೆ.

ಹಾಂ, ಒಂದು ಮರೆತಿದ್ದೆ. ಮೆಡಿಕಲ್ ರಜೆ ಮುಗಿಸಿ ಬರೋರು ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ದೆ ಹಾಜರಾಗೋ ಹಾಗಿಲ್ಲ. ಅದನ್ನ ಕೊನೇ ಗಳಿಗೆಲಿ ಹುಡುಕಿಸ್ಬೇಡಿ, ರೀಓಪನಿಂಗಿಗೆ ಒಂದು ವಾರ ಮುಂಚೆನೇ ಬೆಂಗಳೂರಿಗೆ ಹೋಗಿ ಸೀಲ್ ಸೈನ್ ಎಲ್ಲ ಸರಿಯಿದೆಯಾ ನೋಡಿ ತಗೊಂಡು, ಎರಡು ಜೆರಾಕ್ಸ್ ಮಾಡ್ಸಿ, ಜಾಯ್ನಿಂಗ್ ರಿಪೋರ್ಟ್ ಬರ್ದು ಪಿನ್ ಹಾಕಿ ಎಸ್‌ಡಿಎ ಟೇಬಲ್ ಮೇಲೆ ಇಡಿ. ಏಳು ತಿಂಗಳಲ್ಲಿ ನಿಮ್ಮ ಹೆಸರಿನ ಒಂದು ಕಾಗದಕ್ಕಾದ್ರೂ ಅವರು ಓಡಾಡದೇ ಇರ್ಲಿ.